ಬನ್ಸ್‌ನ ದಾಯಾದಿ ಸ್ಕೋನ್: ಮನೆಯ ಓವನ್‌ನಿಂದ ಹೋಟೆಲಿನ ಕಪಾಟಿಗೆ

ಮುಂಬಯಿಯ ನಮ್ಮ ಹೋಟೆಲುಗಳಲ್ಲಿ ಮಧ್ಯಾಹ್ನ ಮೂರರಿಂದ ಸಂಜೆ ಆರರ ತನಕದ ಹೊತ್ತು ಒಂದು ಕಾಲದಲ್ಲಿ ಬನ್ಸ್, ಗೋಳಿಬಜೆ, ಬಿಸ್ಕುಟ್ ರೊಟ್ಟಿಗಳ ಹೊತ್ತಾಗಿತ್ತು. ಊಟದ ಗಿರಾಕಿ ಎದ್ದು ಹೋದ ಮೇಲೆ, ರಾತ್ರಿಯ ಗಿರಾಕಿ ಬರುವ ಮುನ್ನ, ಚಹಾದ ಜೊತೆಗೆ ಬಾಯಿಗೆ ಏನಾದರೊಂದು ಬೇಕೆನ್ನುವವರಿಂದಲೇ ಗಲ್ಲಾ ಆಡುತ್ತಿತ್ತು. ಇಂದು ಆ ಹೊತ್ತಿನಲ್ಲಿ ಕಾಲೇಜು ಮಕ್ಕಳೂ ಆಫೀಸಿನವರೂ ಹೋಗಿ ಕೂರುವುದು ಎ.ಸಿ. ಕೆಫೆಗಳಲ್ಲಿ. ಅಲ್ಲಿನ ಗಾಜಿನ ಕಪಾಟಿನಲ್ಲಿ ಮಫಿನ್, ಕುಕ್ಕಿಗಳ ನಡುವೆ ಸ್ಕೋನ್ ಎಂಬ ತಿಂಡಿ ಕುಳಿತಿರುತ್ತದೆ. ಅದರ ಒಂದರ ಬೆಲೆಗೆ ನಮ್ಮಲ್ಲಿ ಒಬ್ಬ ಹೊಟ್ಟೆ ತುಂಬ ತಿಂದು ಹೋಗಬಹುದು. ಆದರೂ ಗಿರಾಕಿ ಅಲ್ಲಿಗೇ ಹೋಗುತ್ತಾನೆ. ಅವನನ್ನು ದೂರಿ ಪ್ರಯೋಜನವಿಲ್ಲ. ಆ ಸ್ಕೋನ್ ಎಂದರೇನು, ಅದನ್ನು ನಮ್ಮ ಮನೆಯಲ್ಲೇ ಮಾಡಿ ನೋಡಬಹುದೇ, ಮಾಡಿದರೆ ಹೋಟೆಲಿಗೆ ತರಬಹುದೇ ಎಂದು ವಿಚಾರಿಸುವುದು ಲೇಸು.

ಸ್ಕೋನ್ ಮೂಲತಃ ಸ್ಕಾಟ್ಲೆಂಡಿನವರ ತಿಂಡಿ. ಕೆಲವರು ಸ್ಕಾನ್ ಎಂದೂ ಹೇಳುತ್ತಾರೆ. ಎರಡೂ ಸರಿ, ಇಂಗ್ಲಿಷರೇ ಈ ವಿಷಯದಲ್ಲಿ ಇನ್ನೂ ಜಗಳಾಡುತ್ತಾರೆ. ಈ ಹೆಸರು 1513ರಷ್ಟು ಹಿಂದೆಯೇ ಬರವಣಿಗೆಯಲ್ಲಿ ಸಿಗುತ್ತದೆ. ಆಗ ಮನೆಮನೆಯಲ್ಲಿ ಓವನ್ ಇರಲಿಲ್ಲ. ಓಟ್ಸ್ ಅಥವಾ ಬಾರ್ಲಿ ಹಿಟ್ಟನ್ನು ದಪ್ಪಗೆ ತಟ್ಟಿ ಕಬ್ಬಿಣದ ಕಾವಲಿಯ ಮೇಲೆ ಸುಡುತ್ತಿದ್ದರು. ಅಂದರೆ ನಮ್ಮ ದೋಸೆ ಕಾವಲಿಯ ಕಡೆಯ ನೆಂಟನೇ. ಮುಂದೆ ಬೇಕಿಂಗ್ ಪೌಡರ್ ಬಂದ ಮೇಲೆ ಅದು ಉಬ್ಬಿ ಈಗಿನ ರೂಪಕ್ಕೆ ಬಂತು. ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್ಫ್ರೆಡ್ ಬರ್ಡ್ 1843ರಲ್ಲಿ ಬೇಕಿಂಗ್ ಪೌಡರ್ ಮಾಡಿದ. ಕಾರಣ ಬಹಳ ಸರಳ: ಅವನ ಹೆಂಡತಿಗೆ ಯೀಸ್ಟ್ ಆಗುತ್ತಿರಲಿಲ್ಲ. ಆಕೆಗೆ ಮೊಟ್ಟೆಯೂ ಆಗದೆಂದು ಅದಕ್ಕೆ ಕೆಲವು ವರ್ಷ ಮೊದಲೇ ಕಸ್ಟರ್ಡ್ ಪೌಡರ್ ಮಾಡಿದ್ದವನೂ ಅವನೇ. ನಮ್ಮ ಹೋಟೆಲುಗಳಲ್ಲಿ ಫ್ರೂಟ್ ಕಸ್ಟರ್ಡ್ ಮಾರುವಾಗ ಈ ಪುಣ್ಯಾತ್ಮನ ನೆನಪು ಯಾರಿಗೂ ಬರುವುದಿಲ್ಲ.

ಇಲ್ಲಿ ನಮಗೆ ಮುಖ್ಯವಾದ ಸಂಗತಿ ಏನೆಂದರೆ, ಸ್ಕೋನಿಗೆ ಮೊಟ್ಟೆ ಬೇಕಾಗಿಯೇ ಇಲ್ಲ. ಮೈದಾ, ಬೆಣ್ಣೆ, ಹಾಲು, ಬೇಕಿಂಗ್ ಪೌಡರ್, ಸ್ವಲ್ಪ ಸಕ್ಕರೆ ಇಷ್ಟೇ ಸಾಕು. ಕೇಕಿನಲ್ಲಿ ಮೊಟ್ಟೆ ತೆಗೆದರೆ ಬದಲಿಗೆ ಏನಾದರೊಂದು ಹಾಕಲು ತಲೆ ಕೆಡಿಸಿಕೊಳ್ಳಬೇಕು. ಸ್ಕೋನಿನಲ್ಲಿ ಆ ತಾಪತ್ರಯವಿಲ್ಲ. ಶುದ್ಧ ಸಸ್ಯಾಹಾರಿ ಎಂದು ಬೋರ್ಡು ಹಾಕಿಕೊಂಡ ನಮಗೆ ಇದಕ್ಕಿಂತ ಅನುಕೂಲದ ಬೇಕರಿ ತಿಂಡಿ ಬೇರೊಂದು ಸಿಗುವುದು ಕಷ್ಟ.

ಹಣ್ಣು ಮತ್ತು ಹಿಟ್ಟು ನಮಗೆ ಹೊಸದಲ್ಲ

ಹಣ್ಣು ಹಾಕಿದ ಸ್ಕೋನ್ ಎಂದಾಗ ಕೆಲವರು ಮುಖ ಸಿಂಡರಿಸಬಹುದು. ಆದರೆ ಊರಿನ ಅಡುಗೆಯನ್ನು ನೆನಪಿಸಿಕೊಳ್ಳಿ. ಹಲಸಿನ ಹಣ್ಣಿನ ಮುಳ್ಕ, ತೇಗದ ಎಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿ, ಬಾಳೆಹಣ್ಣಿನ ಅಪ್ಪ, ಕೊಂಕಣಿಗರ ಸೌತೆಕಾಯಿಯ ತವಸೊಳಿ. ಹಣ್ಣನ್ನು ಹಿಟ್ಟಿಗೆ ಕಲಸಿ ಕರಿಯುವುದು, ಆವಿಯಲ್ಲಿ ಬೇಯಿಸುವುದು, ಸುಡುವುದು ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದ ವಿದ್ಯೆ. ಮಾಟುಂಗಾದ ಹೋಟೆಲುಗಳ ಅನಾನಸ್ ಶೀರಾ ತಿನ್ನಲು ದೂರದ ಉಪನಗರಗಳಿಂದ ಜನ ಈಗಲೂ ಬರುತ್ತಾರೆ.

ಎಲ್ಲಕ್ಕಿಂತ ಹತ್ತಿರದ ನೆಂಟ ನಮ್ಮ ಮಂಗಳೂರು ಬನ್ಸ್. ಕಳಿತ ಬಾಳೆಹಣ್ಣು, ಮೈದಾ, ಮೊಸರು, ಸೋಡಾ, ಜೀರಿಗೆ, ಸಕ್ಕರೆ. ಬನ್ಸ್ ಏಕೆ ಉಬ್ಬುತ್ತದೆ ಎಂದು ಭಟ್ಟರನ್ನು ಕೇಳಿದರೆ ಸೋಡಾ ಎನ್ನುತ್ತಾರೆ. ಸರಿ, ಆದರೆ ಅದು ಅರ್ಧ ಉತ್ತರ. ಸೋಡಾ ಒಂದೇ ಇದ್ದರೆ ಪೂರ್ತಿ ಕೆಲಸ ಮಾಡುವುದಿಲ್ಲ, ಜೊತೆಗೆ ಹುಳಿ ಬೇಕು. ಮೊಸರಿನ ಹುಳಿಯೂ ಬಾಳೆಹಣ್ಣಿನ ಅಲ್ಪಸ್ವಲ್ಪ ಹುಳಿಯೂ ಸೋಡಾದ ಜೊತೆ ಸೇರಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಆರೆಂಟು ಗಂಟೆ ಮುಚ್ಚಿಟ್ಟಾಗ ಹಿಟ್ಟು ಸ್ವಲ್ಪ ಹುದುಗಿ ಮೆತ್ತಗಾಗುತ್ತದೆ. ಬಿಸಿ ಎಣ್ಣೆಗೆ ಬಿದ್ದ ಕ್ಷಣ ಒಳಗಿನ ಗಾಳಿ, ನೀರಿನ ಆವಿ ಎರಡೂ ಹಿಗ್ಗಿ ಬನ್ಸ್ ದುಂಡಗಾಗುತ್ತದೆ. ಸ್ಕೋನಿನಲ್ಲೂ ನಡೆಯುವುದು ಇದೇ. ವ್ಯತ್ಯಾಸವೆಂದರೆ ಬೇಕಿಂಗ್ ಪೌಡರಿನಲ್ಲಿ ಸೋಡಾ ಮತ್ತು ಹುಳಿ ಎರಡನ್ನೂ ಪುಡಿಯ ರೂಪದಲ್ಲೇ ಬೆರೆಸಿರುತ್ತಾರೆ, ಮತ್ತು ಎಣ್ಣೆಯ ಬದಲು ಓವನ್ನಿನ ಬಿಸಿ ಗಾಳಿ.

ಪಶ್ಚಿಮ ಕರಾವಳಿಗೆ ಬೇಕರಿ ವಿದ್ಯೆ ಹೀಗೆಯೇ ಬಂದದ್ದು. ಕಾಸರಗೋಡಿನಿಂದ ದಕ್ಷಿಣಕ್ಕೆ ಹೋದರೆ ಸಿಗುವ ತಲಶ್ಶೇರಿಯಲ್ಲಿ 1883ರ ಕ್ರಿಸ್‌ಮಸ್‌ಗೆ ಮಾಂಬಳ್ಳಿ ಬಾಪು ಎಂಬವರು ದೊರೆಯೊಬ್ಬನ ಕೇಕಿನ ಮಾದರಿ ನೋಡಿ, ಊರಿನ ಕದಳಿ ಬಾಳೆಹಣ್ಣು, ಗೇರುಹಣ್ಣಿನ ಸಾರಾಯಿ ಹಾಕಿ ಕೇಕು ಮಾಡಿದರೆಂಬ ಕಥೆ ಇಂದಿಗೂ ಪ್ರಚಲಿತವಾಗಿದೆ. ಬೆಂಗಳೂರಿನಲ್ಲಿ 1898ರಲ್ಲಿ ಹಾಸನದ ಕಡೆಯ ಅಯ್ಯಂಗಾರ್ ಸಹೋದರರು ಬೇಕರಿ ತೆರೆದರು. ಮೊಟ್ಟೆಯಿಲ್ಲದ ಬೇಕರಿಗೆ ಅಯ್ಯಂಗಾರ್ ಎನ್ನುವ ಹೆಸರೇ ಮುಂದೆ ಗುರುತಾಯಿತು. ಇಂದು ಮುಂಬಯಿಯ ಉಪನಗರಗಳಲ್ಲೂ ಆ ಬೋರ್ಡುಗಳು ಕಾಣುತ್ತವೆ. ಇಲ್ಲಿನ ಇರಾನಿಯರ ಮಾತಂತೂ ಹೇಳಬೇಕಾಗಿಲ್ಲ. ಧೋಬಿ ತಲಾವಿನ ಕಯಾನಿ 1904ರದ್ದು, ಗ್ರಾಂಟ್ ರೋಡಿನ ಮೆರ್ವಾನ್ 1914ರದ್ದು, ಫೋರ್ಟಿನ ಯಜ್ದಾನಿ ಬೇಕರಿ 1953ರದ್ದು. ಬ್ರುನ್ ಮಸ್ಕಾ, ಮಾವಾ ಕೇಕು, ಖಾರಿ ಇವೆಲ್ಲ ಚಹಾದಲ್ಲಿ ಅದ್ದಿ ತಿನ್ನುವ ಅಭ್ಯಾಸವನ್ನು ಈ ಊರಿಗೆ ಕಲಿಸಿದವು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಕಾಲದಲ್ಲಿ ಇರಾನಿ ಮತ್ತು ಉಡುಪಿ ಎರಡೂ ಈ ನಗರದಲ್ಲಿ ಅಕ್ಕಪಕ್ಕ ನಡೆಯುತ್ತಿದ್ದವು. ನಾವು ಪಾವು ಅವರಿಂದ ತರಿಸಿಕೊಂಡೆವು, ಬೇಕರಿ ಕೆಲಸವನ್ನು ಮಾತ್ರ ನಮ್ಮದೆಂದು ಭಾವಿಸಲಿಲ್ಲ.

ಮನೆಯಲ್ಲಿ ಮಾಡುವ ಕ್ರಮ

ಹೋಟೆಲಿನಲ್ಲಿ ಪ್ರಯೋಗ ಮಾಡಬೇಡಿ. ಅಲ್ಲಿ ಯಾರಿಗೂ ಪುರುಸೊತ್ತಿಲ್ಲ, ಕೆಟ್ಟರೆ ಹುಡುಗರು ನಗುತ್ತಾರೆ. ಮನೆಯಲ್ಲಿ ಒಂದು ಸಣ್ಣ ಓ.ಟಿ.ಜಿ. ಇದ್ದರೆ ಸಾಕು.

250 ಗ್ರಾಂ ಮೈದಾಕ್ಕೆ 12 ಗ್ರಾಂ ಬೇಕಿಂಗ್ ಪೌಡರ್, 40 ಗ್ರಾಂ ಸಕ್ಕರೆ ಪುಡಿ ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ. ಫ್ರಿಜ್ಜಿನಿಂದ ಆಗ ತಾನೇ ತೆಗೆದ 60 ಗ್ರಾಂ ಬೆಣ್ಣೆಯನ್ನು ಸಣ್ಣ ತುಂಡು ಮಾಡಿ ಹಿಟ್ಟಿಗೆ ಹಾಕಿ, ಬೆರಳ ತುದಿಯಿಂದ ಉಜ್ಜಿ. ಅಂಗೈ ತಾಗಬಾರದು. ಹಿಟ್ಟು ದಪ್ಪ ರವೆಯ ಹಾಗೆ ಕಾಣಬೇಕು. ಉಪ್ಪು ಹಾಕಿದ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಡೇರಿಯಿಂದ ತಂದ ಬಿಳಿ ಬೆಣ್ಣೆಯಾದರೆ ಅದರಲ್ಲಿ ನೀರು ಹೆಚ್ಚು, ಹಾಲು ಸ್ವಲ್ಪ ಕಡಿಮೆ ಮಾಡಿ. ಈಗ 75 ಗ್ರಾಂ ಒಣಹಣ್ಣು, ಒಂದು ದೊಡ್ಡ ಚಮಚ ಮೊಸರು, 110 ಮಿಲಿಲೀಟರ್ ತಣ್ಣನೆಯ ಹಾಲು ಸೇರಿಸಿ, ಒಟ್ಟಾಗುವಷ್ಟು ಮಾತ್ರ ಕಲಸಿ.

ಇಲ್ಲಿ ನಮ್ಮ ಭಟ್ಟರು ಎಡವುತ್ತಾರೆ. ಪೂರಿ, ಪರೋಟ ಹಿಟ್ಟು ನಾದಿ ನಾದಿ ಪಳಗಿದ ಕೈ ಸುಮ್ಮನಿರುವುದಿಲ್ಲ. ನಾದಿದಷ್ಟೂ ಮೈದಾದ ಅಂಟು ಗಟ್ಟಿಯಾಗುತ್ತದೆ. ಪರೋಟಕ್ಕೆ ಬೇಕಾದ ಆ ಗುಣವೇ ಸ್ಕೋನಿಗೆ ಶತ್ರು. ನಾದಿದ ಸ್ಕೋನ್ ತಣ್ಣಗಾದ ಮೇಲೆ ಕಲ್ಲಿನಂತಾಗುತ್ತದೆ. ಹಿಟ್ಟು ಒಡ್ಡೊಡ್ಡಾಗಿದ್ದರೂ ಚಿಂತೆಯಿಲ್ಲ. ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಕೈಯಲ್ಲೇ ತಟ್ಟಿ, ಐದಾರು ಸೆಂಟಿಮೀಟರ್ ಅಗಲದ ಹರಿತ ಅಂಚಿನ ಡಬ್ಬಿಯಿಂದ ನೇರ ಒತ್ತಿ ಕತ್ತರಿಸಿ. ತಿರುಗಿಸಿ ಕತ್ತರಿಸಿದರೆ ಅಂಚು ಮುಚ್ಚಿಕೊಂಡು ಒಂದು ಕಡೆಗೆ ವಾಲಿ ಉಬ್ಬುತ್ತದೆ. ಮೇಲೆ ಹಾಲು ಸವರಿ, ಮೊದಲೇ ಹದಿನೈದು ನಿಮಿಷ ಕಾಯಿಸಿದ ಓವನ್ನಿನಲ್ಲಿ 210 ಡಿಗ್ರಿ ಸೆಲ್ಸಿಯಸ್‌ನಲ್ಲಿ 13ರಿಂದ 15 ನಿಮಿಷ ಇಡಿ. ಈ ಅಳತೆಗೆ ಸುಮಾರು 60 ಗ್ರಾಂ ತೂಕದ ಒಂಬತ್ತು ಸ್ಕೋನ್ ಆಗುತ್ತವೆ. ಮನೆಯ ಸಣ್ಣ ಓವನ್ನುಗಳ ಗುಂಡಿ ತೋರಿಸುವ ಡಿಗ್ರಿಯನ್ನು ಪೂರ್ತಿ ನಂಬಬೇಡಿ. ಒಳಗಿಡುವ ಥರ್ಮಾಮೀಟರ್ ಒಂದು ತಂದರೆ ಅರ್ಧ ಸಮಸ್ಯೆ ತೀರಿತು.

ಬೆಣ್ಣೆ ತಣ್ಣಗಿರಬೇಕೆಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಿಟ್ಟಿನ ನಡುವೆ ಉಳಿದ ಬೆಣ್ಣೆಯ ಚೂರುಗಳು ಓವನ್ನಿನಲ್ಲಿ ಕರಗಿದಾಗ ಅದರ ನೀರು ಆವಿಯಾಗಿ ಪದರ ಬಿಡಿಸುತ್ತದೆ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಯಲ್ಲಿ. ಮೇ ತಿಂಗಳ ಮುಂಬಯಿ ಅಡುಗೆಮನೆ ಅದೇ ಬಿಸಿಯಲ್ಲಿರುತ್ತದೆ! ಇಂಗ್ಲೆಂಡಿನ ಪುಸ್ತಕದಲ್ಲಿ ಈ ಎಚ್ಚರಿಕೆ ಇರುವುದಿಲ್ಲ, ಅವರಿಗೆ ಬೇಕಾಗಿಯೂ ಇಲ್ಲ. ನಾವು ಮೈದಾವನ್ನೂ ಪಾತ್ರೆಯನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಕಲಸಬೇಕು. ಬೆಳಗಿನ ಆರು ಗಂಟೆಯ ತಂಪಿನಲ್ಲಿ ಮಾಡಿದರೆ ಇನ್ನೂ ಒಳ್ಳೆಯದು.

ಮಳೆಗಾಲದ ಗೋಳೇ ಬೇರೆ. ಜೂನ್ ಬಂತೆಂದರೆ ಮೈದಾ ಗಾಳಿಯ ತೇವ ಹೀರಿಕೊಳ್ಳುತ್ತದೆ. ಅಳತೆಯ ಹಾಲನ್ನು ಒಂದೇ ಸಲ ಸುರಿಯದೆ ಒಂದೆರಡು ಚಮಚ ಉಳಿಸಿಕೊಂಡು ನೋಡಿ ಹಾಕಬೇಕು. ಬೇಕಿಂಗ್ ಪೌಡರ್ ಡಬ್ಬಿಯಲ್ಲೇ ತೇವಕ್ಕೆ ಸತ್ತು ಹೋಗುತ್ತದೆ. ಒಂದು ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿದರೆ ಬುರಬುರನೆ ನೊರೆ ಬರಬೇಕು, ಬಾರದಿದ್ದರೆ ಎಸೆಯಿರಿ.

ಯಾವ ಹಣ್ಣು, ಹೇಗೆ

ಹಸಿ ಹಣ್ಣಿನಲ್ಲಿ ನೀರು ಬಹಳ. ಅದನ್ನು ಹಾಗೆಯೇ ಹಾಕಿದರೆ ಹಿಟ್ಟು ಅಂಬಲಿಯಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಆದ್ದರಿಂದ ಒಣಗಿದ್ದು, ಕಾಯಿಸಿ ಗಟ್ಟಿ ಮಾಡಿದ್ದು ಅಥವಾ ಹೆಪ್ಪುಗಟ್ಟಿಸಿದ್ದು, ಈ ಮೂರರಲ್ಲಿ ಒಂದು.

ಒಣಹಣ್ಣೆಂದರೆ ದ್ರಾಕ್ಷಿ, ಟೂಟಿ ಫ್ರೂಟಿ ಎಂದಷ್ಟೇ ತಿಳಿಯಬೇಡಿ. ಟೂಟಿ ಫ್ರೂಟಿ ಎನ್ನುವುದು ಬಣ್ಣ ಹಾಕಿದ ಪಪಾಯಿ ಕಾಯಿ, ಅದರಲ್ಲಿ ಹಣ್ಣಿನ ರುಚಿ ಹುಡುಕುವುದು ವ್ಯರ್ಥ. ನಮ್ಮ ಪಶ್ಚಿಮ ರೈಲ್ವೆ ಲೈನಿನಲ್ಲೇ, ವಸಾಯಿ ಮತ್ತು ವಿರಾರ್ ಬಳಿಯ ಆಗಾಶಿಯಲ್ಲಿ, ರಾಜೇಳಿ ಬಾಳೆಹಣ್ಣನ್ನು ಬಿಸಿಲಿಗೆ ಒಣಗಿಸಿ ಮಾಡುವ ಸುಕೇಳಿ ಸಿಗುತ್ತದೆ. ಜೇನಿನಂತಹ ಸಿಹಿ, ಅಂಜೂರದಂತಹ ಅಂಟು. ಅದನ್ನು ಸಣ್ಣಗೆ ಹೆಚ್ಚಿ ಹಾಕಿದ ಸ್ಕೋನಿಗೆ ವಿದೇಶಿ ಕ್ರ್ಯಾನ್‌ಬೆರಿ ಸಾಟಿಯಲ್ಲ ಎನ್ನುವುದು ನನ್ನ ಅಭಿಪ್ರಾಯ. ವಸಾಯಿಯ ಬಾಳೆತೋಟಗಳು ಕಟ್ಟಡಗಳಿಗೆ ಜಾಗ ಬಿಟ್ಟು ಕೊಡುತ್ತಿರುವ ಈ ದಿನಗಳಲ್ಲಿ ಸುಕೇಳಿ ಮಾಡುವ ಮನೆಗಳು ಕಡಿಮೆಯಾಗಿವೆ. ಕೊಳ್ಳುವವರಿದ್ದರೆ ಉಳಿದಾವು.

ಹಲಸಿನ ಹಣ್ಣನ್ನು ಬೆಲ್ಲದೊಂದಿಗೆ ಕಾಯಿಸಿ ಮಾಡುವ ಪೆರಟಿ ಊರಿನಲ್ಲಿ ಎಷ್ಟೋ ಮನೆಗಳಲ್ಲಿ ಡಬ್ಬಿ ತುಂಬಿರುತ್ತದೆ. ಅದನ್ನು ಕಡಲೆ ಗಾತ್ರದ ಉಂಡೆ ಮಾಡಿ ಫ್ರೀಜರಿನಲ್ಲಿ ಗಟ್ಟಿಗೊಳಿಸಿ ಹಿಟ್ಟಿಗೆ ಸೇರಿಸಿ, ಸಕ್ಕರೆ ಅರ್ಧಕ್ಕಿಳಿಸಿ, ಒಂದು ಚಿಟಿಕೆ ಏಲಕ್ಕಿ ಹಾಕಿ. ಕೆಫೆಯವನು ಇದನ್ನು ಮಾಡಲಾರ. ಮಾವಿನ ರಸವನ್ನೂ ಹೀಗೆಯೇ ಕಾಯಿಸಿ ಗಟ್ಟಿ ಮಾಡಿಕೊಳ್ಳಬೇಕು. ಅನಾನಸನ್ನು ಶೀರಾಕ್ಕೆ ಮಾಡುವಂತೆ ಸಕ್ಕರೆಯಲ್ಲಿ ಬೇಯಿಸಿಯೇ ಹಾಕಿ. ಹಸಿ ಅನಾನಸಿನಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ, ಬೇಯಿಸಿದರೆ ಆ ಗುಣ ಹೋಗುತ್ತದೆ. ಡಹಾಣೂ ಘೋಲ್ವಡದ ಚಿಕ್ಕು 2016ರಲ್ಲಿ ಭೌಗೋಳಿಕ ಗುರುತು ಪಡೆದ ಹಣ್ಣು. ರುಚಿ ಚೆನ್ನ, ಆದರೆ ಬೆಂದ ಮೇಲೆ ಕಂದುಬಣ್ಣದಲ್ಲಿ ಕಣ್ಣಿಗೇ ಕಾಣುವುದಿಲ್ಲ, ಬೋರ್ಡಿನಲ್ಲಿ ಬರೆಯಲೇಬೇಕು. ಮಹಾಬಳೇಶ್ವರದ ಸ್ಟ್ರಾಬೆರಿಯನ್ನು ತುಂಡು ಮಾಡಿ ಹೆಪ್ಪುಗಟ್ಟಿಸಿ ಕಡೆಯಲ್ಲಿ ಸೇರಿಸಿದರೆ ಬಣ್ಣ ಹಿಟ್ಟಿಗೆಲ್ಲ ಹರಡುವುದಿಲ್ಲ.

ಬಾಳೆಹಣ್ಣನ್ನೇ ಹಿಸುಕಿ ಹಾಕುವುದಾದರೆ 100 ಗ್ರಾಂ ಹಣ್ಣಿಗೆ ಹಾಲನ್ನು 50 ಮಿಲಿಲೀಟರಿಗೆ ಇಳಿಸಿ, ಕಾಲು ಚಮಚ ಸೋಡಾ ಸೇರಿಸಿ, ಚಿಟಿಕೆ ಜೀರಿಗೆ ಹಾಕಿ. ಹಣ್ಣಿನ ಸಕ್ಕರೆಯಿಂದ ಬೇಗ ಕೆಂಪಾಗುತ್ತದೆ, ಓವನ್ 190 ಡಿಗ್ರಿ ಸಾಕು. ಇದನ್ನು ಬೇಕ್ ಮಾಡಿದ ಬನ್ಸ್ ಎಂದು ಕರೆದು ಮಾರಬೇಡಿ. ಬನ್ಸ್ ತಿಂದು ಬೆಳೆದವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಬನ್ಸ್ ಎಣ್ಣೆಯದ್ದೇ ಇರಲಿ.

ಓವನ್ ಇಲ್ಲದವರು ಹಳೆಯ ಸ್ಕಾಟಿಷ್ ಕ್ರಮಕ್ಕೇ ಹೋಗಬಹುದು. ಅದೇ ಹಿಟ್ಟನ್ನು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ದಪ್ಪಗೆ ತಟ್ಟಿ, ದಪ್ಪ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಮುಚ್ಚಿ, ಒಂದೊಂದು ಮಗ್ಗುಲಿಗೆ ಐದಾರು ನಿಮಿಷ. ಮೂರು ಗಂಟೆಗೆ ನಮ್ಮ ದೋಸೆ ಕಾವಲಿ ತಣ್ಣಗೆ ಕುಳಿತಿರುತ್ತದೆಯಲ್ಲವೇ? ದೋಸೆಯ ಬಿಸಿ ಇದಕ್ಕೆ ಹೆಚ್ಚಾಯಿತು, ಹೊರಗೆ ಕರಿದು ಒಳಗೆ ಹಸಿಯಾದೀತು. ಈರುಳ್ಳಿಯ ವಾಸನೆ ಹೋಗುವಂತೆ ಉಜ್ಜಿ ತೊಳೆದೇ ಇಡಬೇಕು.

ಲೆಕ್ಕ

ಮೇಲಿನ ಅಳತೆಯಲ್ಲಿ ಒಂದು ಸ್ಕೋನಿಗೆ ಬೀಳುವುದು 28 ಗ್ರಾಂ ಮೈದಾ, ಸುಮಾರು 7 ಗ್ರಾಂ ಬೆಣ್ಣೆ, 5 ಗ್ರಾಂ ಒಳಗೆ ಸಕ್ಕರೆ, 12 ಮಿಲಿಲೀಟರ್ ಹಾಲು, 8 ಗ್ರಾಂ ಹಣ್ಣು. ನಿಮ್ಮ ಊರಿನ ಇಂದಿನ ದರ ಹಾಕಿ ನೋಡಿ, ಕೆಫೆಯ ಬೆಲೆಯ ಎದುರು ನಗು ಬರುತ್ತದೆ. 1500 ವ್ಯಾಟಿನ ಓವನ್ ಕಾಯಲು ಕಾಲು ಗಂಟೆ, ಬೇಯಲು ಕಾಲು ಗಂಟೆ ಎಂದರೆ ಹೆಚ್ಚೆಂದರೆ ಮುಕ್ಕಾಲು ಯೂನಿಟ್ ವಿದ್ಯುತ್. ಒಂದರ ಹಿಂದೆ ಒಂದು ನಾಲ್ಕು ತಟ್ಟೆ ಬೇಯಿಸಿದರೆ 36 ಸ್ಕೋನಿಗೆ ಎರಡು ಯೂನಿಟ್ ಕೂಡ ಬೇಡ. 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆಯ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ, ಕೇಕು ಬಿಸ್ಕತ್ತುಗಳದ್ದು 18ರಿಂದ 5ಕ್ಕೆ ಇಳಿದಿದ್ದೂ ಅನುಕೂಲವೇ.

ಬೆಣ್ಣೆ ದುಬಾರಿಯೆಂದು ವನಸ್ಪತಿಗೆ ಕೈ ಹಾಕುವವರಿದ್ದಾರೆ. 2022ರ ಜನವರಿಯಿಂದ ಟ್ರಾನ್ಸ್ ಕೊಬ್ಬಿಗೆ ಶೇಕಡಾ 2ರ ಮಿತಿ ಬಂದಿದೆ, ಅದು ಒಂದು ಮಾತು. ಇನ್ನೊಂದು, ಸ್ಕೋನಿನಲ್ಲಿ ರುಚಿ ಕೊಡುವುದೇ ಬೆಣ್ಣೆ. ಏಳು ಗ್ರಾಮಿನಲ್ಲಿ ಉಳಿಸುವುದೇನು?

ಈ ಲೆಕ್ಕದಲ್ಲಿ ನಾವು ಸದಾ ಬಿಟ್ಟುಬಿಡುವ ಒಂದು ಬಾಬತ್ತಿದೆ. ಮನೆಯಲ್ಲಿ ಇದನ್ನು ಕಲಿತು ಮಾಡುವವರು ಹೆಚ್ಚಾಗಿ ನಮ್ಮ ಹೆಂಗಸರು. ಮಕ್ಕಳ ಹುಟ್ಟುಹಬ್ಬಕ್ಕೆ ಕೇಕು ಮಾಡುತ್ತ ಕೈ ಪಳಗಿದ ಎಷ್ಟೋ ಅಕ್ಕಂದಿರು, ಸೊಸೆಯಂದಿರು ಥಾಣೆಯಲ್ಲಿ, ಡೊಂಬಿವಿಲಿಯಲ್ಲಿ, ಮೀರಾ ರೋಡಿನಲ್ಲಿ ಇದ್ದಾರೆ. ಮನೆಯಾಕೆ ಮಾಡಿದ್ದೆಂದು ಅವರ ದುಡಿಮೆಗೆ ಸೊನ್ನೆ ಬರೆದರೆ ಹೋಟೆಲಿಗೆ ಲಾಭ ಬಂದಂತೆ ಕಾಣುತ್ತದೆ. ನಾಳೆ ಅವರಿಗೆ ಹುಷಾರು ತಪ್ಪಿ ಬೇರೆಯವರನ್ನು ಇಟ್ಟಾಗ ಆ ಲಾಭ ಎಲ್ಲಿಗೆ ಹೋಯಿತೆಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಮೊದಲ ದಿನದಿಂದಲೇ ಒಂದು ಸ್ಕೋನಿಗೆ ಇಷ್ಟು ಎಂದು ದರ ಗೊತ್ತುಮಾಡಿ, ವಾರಕ್ಕೊಮ್ಮೆ ಅವರ ಖಾತೆಗೇ ಹಾಕಿ. ಹೊರಗಿನ ಬೇಕರಿಯವನಿಗೆ ಕೊಡುವುದನ್ನು ಮನೆಯವರಿಗೆ ಕೊಡಲು ಸಂಕೋಚವೇಕೆ?

ಮನೆಯಲ್ಲಿ ತಯಾರಿಸಿ ಹೋಟೆಲಿಗೆ ಮಾರುವುದೂ ಆಹಾರ ವ್ಯವಹಾರವೇ. ಎಫ್.ಎಸ್.ಎಸ್.ಎ.ಐ. ನೋಂದಣಿ ಆ ಮನೆಯ ಹೆಸರಿನಲ್ಲಿ ಬೇರೆಯೇ ಬೇಕು, ನಮ್ಮ ಹೋಟೆಲಿನ ಲೈಸೆನ್ಸು ಅದಕ್ಕೆ ಆಗದು. ವ್ಯಾಪಾರಕ್ಕೆಂದು ಮನೆಯ 14.2 ಕಿಲೋ ಸಿಲಿಂಡರ್ ಉರಿಸುವುದು ತಪ್ಪು. ವಿದ್ಯುತ್ ಓವನ್ ಇದ್ದರೆ ಆ ತೊಡಕಿಲ್ಲ. 2025ರ ಜನವರಿಯಲ್ಲಿ ಮುಂಬಯಿ ಹೈಕೋರ್ಟು ಕಟ್ಟಿಗೆ, ಇದ್ದಿಲು ಉರಿಸುವ ಬೇಕರಿಗಳಿಗೆ ಆರು ತಿಂಗಳಲ್ಲಿ ಗ್ಯಾಸು ಮುಂತಾದ ಶುದ್ಧ ಇಂಧನಕ್ಕೆ ಬದಲಾಗುವಂತೆ ಆದೇಶಿಸಿದ್ದು ನೆನಪಿರಬಹುದು. ಭಟ್ಟಿ ಕಟ್ಟುವ ಕಾಲ ಮುಗಿಯಿತು. ಮತ್ತೆ, ಅದೇ ಮನೆಯಲ್ಲಿ ಮೊಟ್ಟೆಯ ಕೇಕೂ ಆಗುತ್ತಿದ್ದರೆ ಪಾತ್ರೆ, ಬ್ರಷ್, ತಟ್ಟೆ ಬೇರೆ ಇಡಬೇಕು. ಸ್ಕೋನಿನ ಮೇಲೆ ಹೊಳಪಿಗೆ ಮೊಟ್ಟೆ ಸವರುವ ಕ್ರಮವೂ ಬೇಕರಿಗಳಲ್ಲಿದೆ. ಹೊರಗಿನಿಂದ ತರಿಸುವವರು ಇದನ್ನು ಬಾಯಿಬಿಟ್ಟು ಕೇಳಿಯೇ ತರಿಸಬೇಕು. ನಮ್ಮ ಹಸಿರು ಬೋರ್ಡು ನಂಬಿ ಬರುವ ಜೈನ, ಗುಜರಾತಿ ಗಿರಾಕಿಗೆ ಒಮ್ಮೆ ಸಂಶಯ ಬಂದರೆ ಸ್ಕೋನಿನ ಜೊತೆ ಇಡ್ಲಿಯ ವ್ಯಾಪಾರವೂ ಹೋಗುತ್ತದೆ.

ಕಡೆಗೆ ಉಳಿಕೆಯ ಪ್ರಶ್ನೆ. ಸ್ಕೋನ್ ಆ ದಿನದ ತಿಂಡಿ, ಮರುದಿನಕ್ಕೆ ಒಣಗುತ್ತದೆ. ಬೆಳಗ್ಗೆ ಐವತ್ತು ಬೇಯಿಸಿ ಕಪಾಟಿನಲ್ಲಿಟ್ಟರೆ ಮಳೆಯ ದಿನ ಮೂವತ್ತು ಉಳಿದಾವು. ಬದಲಿಗೆ ಕತ್ತರಿಸಿದ ಹಸಿ ಸ್ಕೋನನ್ನೇ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಿ, ಡಬ್ಬಿಯಲ್ಲಿ ತುಂಬಿ, ತಾರೀಕು ಬರೆದು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿಡಿ. ಒಂದು ತಿಂಗಳಿಗೇನೂ ಆಗದು. ಮೂರು ಗಂಟೆಗೆ ಹತ್ತು, ನಾಲ್ಕೂವರೆಗೆ ಗಿರಾಕಿ ನೋಡಿಕೊಂಡು ಮತ್ತೆ ಹತ್ತು, ಕರಗಿಸದೆ ನೇರ ಓವನ್ನಿಗೆ. 18ರಿಂದ 20 ನಿಮಿಷ. ಓವನ್ ಗಲ್ಲಾದ ಹತ್ತಿರವೇ ಇರಲಿ. ಬೆಣ್ಣೆಯ ವಾಸನೆ ಫುಟ್‌ಪಾತಿಗೆ ಹೋಗಬೇಕು. ಜೊತೆಗೆ ಕೊಡಲು ವಿದೇಶಿ ಕ್ರೀಮು ಬೇಡ, ಒಂದು ಚಮಚ ಬಿಳಿ ಬೆಣ್ಣೆ, ಒಂದು ಚಮಚ ಅನಾನಸ್ ಗೊಜ್ಜು ಅಥವಾ ಜಾಮ್, ಪಕ್ಕದಲ್ಲಿ ಫಿಲ್ಟರ್ ಕಾಫಿ. ಮೊದಲ ವಾರ ದಿನಕ್ಕೆ ಇಪ್ಪತ್ತರ ಮೇಲೆ ಹೋಗದಿರಿ, ಆರು ಗಂಟೆಯ ಮೊದಲೇ ಮುಗಿದು ಹೋಗಲಿ.